ಭಾನುವಾರದ ಹತ್ತು ಗಂಟೆ

ಎಮ್ಲಿನ್ ಪ್ರಾಸರ್ ವೇಲ್ಸ್ ದೇಶದ ಕೆಂಪು ಅಂಗಿ ತೊಟ್ಟು ರಗ್ಬಿ ಆಡಿದ್ದು ಎರಡು ವರ್ಷ. ನಮ್ಮ ಗಣಿ ಕಣಿವೆಯ ಚರ್ಚಿನಲ್ಲಿ ಪಾದ್ರಿಯಾಗಿದ್ದದ್ದು ಮೂವತ್ತು ವರ್ಷ. ಸತ್ತ ಮೇಲೆ ಪತ್ರಿಕೆಯವರು ಬರೆದದ್ದೆಲ್ಲ ಆ ಎರಡು ವರ್ಷದ ಬಗ್ಗೆಯೇ. ಅವನ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದವನು ನಾನು. ಉಳಿದದ್ದನ್ನು ನಾನಾದರೂ ಬರೆಯಬೇಕು.

ಗಣಿ ಕೆಲಸದವನ ಮಗ. ಎತ್ತಿನಂಥ ಹೆಗಲು, ಆಟದಲ್ಲಿ ಜಜ್ಜಿಹೋದ ಕಿವಿ. ದೀಕ್ಷಾಸ್ನಾನಕ್ಕೆ ಮಗು ತಂದವರು, "ಪಾದ್ರಿಗಳೇ, ಒಂದ್ಸಲ ಚೆಂಡು ಹಿಡ್ಕೊಂಡ ಹಾಗೆ ಕಂಕುಳಲ್ಲಿ ಹಿಡ್ಕೊಳ್ಳಿ, ಫೋಟೋ ತೆಗೀತೀವಿ" ಅನ್ನುವರು. ಹಿಡಿದುಕೊಳ್ಳುತ್ತಿದ್ದ, ಮುಂದಿನ ಭಾನುವಾರ ಬಂದಾರೆಂಬ ಆಸೆಗೆ. ಬರುತ್ತಿರಲಿಲ್ಲ.

ಬರುವುದು ಹೇಗೆ? ಊರಿನ ಮಕ್ಕಳ ರಗ್ಬಿ ಇರುವುದು ಭಾನುವಾರ ಹತ್ತಕ್ಕೆ. ನಮ್ಮ ಆರಾಧನೆಯೂ ಹತ್ತಕ್ಕೆ. ಬೆಟ್ಟದಾಚೆಯ ಇನ್ನೊಂದು ಚರ್ಚೂ ಎಮ್ಲಿನ್ ತಲೆಗೇ ಕಟ್ಟಿದ್ದರಿಂದ ಅವನು ಹೊತ್ತು ಬದಲಿಸುವಂತಿರಲಿಲ್ಲ. ಜನ ಹೆಚ್ಚದಿದ್ದರೆ ಬಾಗಿಲು ಮುಚ್ಚುತ್ತೇವೆಂದು ಮೇಲಿನವರು ಹೇಳಿದಾಗ, ಎಮ್ಲಿನ್ ರಗ್ಬಿ ಕ್ಲಬ್ಬಿನ ಬಾರಿಗೆ ಹೋಗಿ ಅಧ್ಯಕ್ಷ ಹೇಡನ್‌ನನ್ನು ಕಂಡ. ಇಬ್ಬರೂ ಒಟ್ಟಿಗೆ ಆಡಿ ಬೆಳೆದವರು. ನಾನೂ ಜೊತೆಗಿದ್ದೆ.

"ಮಕ್ಕಳ ಆಟ ಒಂದು ಗಂಟೆ ಮುಂದಕ್ಕೆ ಹಾಕೋ. ಅಷ್ಟೇ ನಾನು ಕೇಳೋದು."

"ಆಗಲ್ಲ ಕಣೋ. ಮಧ್ಯಾಹ್ನದ ಊಟ ತಡ ಆದ್ರೆ ಹೆಂಗಸ್ರು ನನ್ನ ತಲೇನೇ ಬೇಯಿಸಿ ಬಡಿಸ್ತಾರೆ. ನೀನೇ ಬಂದು ಆಟಕ್ಕೆ ಪೀಪಿ ಊದು. ದೇವ್ರು ಮೈದಾನದಲ್ಲಿಲ್ವಾ?"

"ಇದಾನೆ. ಅವನ ಮನೆಗೆ ಬೀಗ ಹಾಕ್ತಾರೆ ಅಂತ ಹೇಳೋಕೆ ಬಂದೆ."

ಎಲ್ಲರೂ ನಕ್ಕರು. ಅವನಿಗೆ ಬಿಯರ್ ಕೊಡಿಸಿದರು.

ಶನಿವಾರ ಪಂದ್ಯ ನೋಡುತ್ತ ಅದೇ ಜನ ಪುಸ್ತಕವಿಲ್ಲದೆ ದೇವರ ಹಾಡುಗಳನ್ನು ಹಾಡುವರು. ಕೊನೆಯ ಸಾಲನ್ನು ಬಿಡಲು ಮನಸ್ಸಾಗದೆ ಮತ್ತೆ ಮತ್ತೆ ಎತ್ತಿಕೊಳ್ಳುವುದು ನಮ್ಮ ಕಡೆಯ ರೂಢಿ. ಎಮ್ಲಿನ್ ಹಲ್ಲು ಕಚ್ಚಿಕೊಂಡು ಕೇಳುತ್ತಿದ್ದ. ನನ್ನ ಕಡೆ ತಿರುಗಿ ಅನ್ನುತ್ತಿದ್ದ: "ನೋಡೋ ಗ್ವಿಲಿಮ್, ಎಷ್ಟು ದೊಡ್ಡ ಸಭೆ ನಂದು! ಒಂದು ದಿನ ಮೊದಲೇ ಬಂದು ಹೋಗ್ತಾರೆ, ಅಷ್ಟೆ."

ಚರ್ಚು ಮುಚ್ಚುವುದೆಂದು ತೀರ್ಮಾನವಾದ ಚಳಿಗಾಲದಲ್ಲೇ ಎಮ್ಲಿನ್‌ನ ಎದೆಬಡಿತ ನಿಂತಿತು. ಶನಿವಾರ ಹನ್ನೊಂದಕ್ಕೆ ಮಣ್ಣು ಮಾಡುವುದೆಂದಾಯಿತು. ಹೇಡನ್ ನನ್ನ ಮನೆಗೆ ಬಂದ.

"ಒಂಬತ್ತೂವರೆಗೆ ಇಡೋ. ಅವತ್ತು ಇಂಗ್ಲೆಂಡ್ ಮೇಲೆ ಪಂದ್ಯ. ನಮ್ಮ ಬಸ್ಸು ಹನ್ನೊಂದಕ್ಕೇ ಹೊರಡತ್ತೆ."

"ಅವನು ಕೇಳಿದ್ದು ಒಂದೇ ಒಂದು ಗಂಟೆ ಹೇಡನ್. ನೀನು ಕೊಡ್ಲಿಲ್ಲ."

ಅವನು ಟೋಪಿ ತಿರುಗಿಸುತ್ತ ನಿಂತ. "ಎಮ್ಲಿನ್ ಇದ್ದಿದ್ರೆ ಏನಂತಿದ್ದ, ನೀನೇ ಹೇಳು."

ಅದೇ ನನಗೆ ಉರಿ. ಪಂದ್ಯದ ದಿನ ಬಿದ್ದ ಮದುವೆಗಳನ್ನೆಲ್ಲ ಎಮ್ಲಿನ್ ತಾನಾಗಿಯೇ ಬೆಳಿಗ್ಗೆಗೆ ಸರಿಸುತ್ತಿದ್ದ. ಒಂಬತ್ತೂವರೆಗೇ ಇಟ್ಟೆವು.

ಅವತ್ತು ಚರ್ಚಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಕೊನೆಯ ಸಾಲನ್ನು ಮತ್ತೆ ಎತ್ತಿಕೊಂಡರು, ಮತ್ತೆ ಎತ್ತಿಕೊಂಡರು. ನಾನು ಸಿಟ್ಟಿನಲ್ಲಿ ಆರ್ಗನ್ನಿಂದ ಕೈ ತೆಗೆದೆ. ಅವರು ನಿಲ್ಲಿಸಲಿಲ್ಲ. ಹೇಡನ್ ಅಳುತ್ತ ಹಾಡುತ್ತಿದ್ದ. ಬಸ್ಸು ತಡವಾಗಿ ಹೊರಟಿತು.

ಬೀಗ ಹಾಕುವ ಮುಂಚಿನ ಕೊನೆಯ ಭಾನುವಾರ ನಾವು ಏಳು ಜನ. ಬೆಟ್ಟದಾಚೆಯಿಂದ ಯಾರೋ ಹೊಸ ಪಾದ್ರಿ ಬಂದಿದ್ದರು. ಹತ್ತಕ್ಕೆ ಸರಿಯಾಗಿ ಕೆಳಗಿನ ಮೈದಾನದಲ್ಲಿ ಹೇಡನ್ ಪೀಪಿ ಊದಿದ. ಮಕ್ಕಳು ಕಿರುಚಿದರು. ನಾನು ಮೊದಲ ಹಾಡು ಶುರುಮಾಡಿದೆ.