ಒದ್ದೆ ಥರ್ಮಾಮೀಟರಿನ ಜ್ವರ

ದೆವ್ವ, ಭೂತ, ಮಾಯೆ ಎಂದರೆ ನನಗೆ ಮೊದಲಿನಿಂದಲೂ ನಗು. ಚಿಕ್ಕವಳಿದ್ದಾಗ ಅಜ್ಜಿ, ಗುಡ್ಡೆಯ ಮೇಲೆ ದೀಪವೊಂದು ತಾನಾಗಿಯೇ ನಡೆದುಕೊಂಡು ಬಂದ ಕತೆ ಹೇಳಿದರೆ "ಟಾರ್ಚ್ ಹಿಡ್ಕಂಡ್ ಯಾರೋ ಬಂದಿರ್ಕ್ ಅಜ್ಜಿ" ಎಂದು ಕತೆಯ ರುಚಿಯನ್ನೇ ಕೆಡಿಸುತ್ತಿದ್ದೆ. ಹಾಗಾಗಿ ಈಗ ನಾನೇ ಇಂಥದ್ದೊಂದನ್ನು ಬರೆಯಲು ಕೂತರೆ ಮೊದಲು ನಗುವವರು ನಮ್ಮ ಮನೆಯವರೇ. ನೀವೂ ನಕ್ಕರೆ ಬೇಸರವಿಲ್ಲ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಬಿಳಿ ಸೀರೆ ಇಲ್ಲ, ಗೆಜ್ಜೆ ಸದ್ದಿಲ್ಲ. ಇರುವುದು ಎರಡು ಥರ್ಮಾಮೀಟರ್ ಮತ್ತು ನನ್ನ ಪ್ರಾಕ್ಟಿಕಲ್ ಅಂಕ.

ಆಗ ನಾನು ಕುಂದಾಪುರದಲ್ಲಿ ಡಿಗ್ರಿಯ ಕೊನೆಯ ವರ್ಷ ಓದುತ್ತಿದ್ದೆ. ವಿಷಯ ಭೂಗೋಳ. ಮಳೆಗಾಲದ ಸೆಮಿಸ್ಟರಿನಲ್ಲಿ ಹವಾಮಾನದ ಪ್ರಾಕ್ಟಿಕಲ್ ಎಂದು ಒಂದಿತ್ತು. ಕಲಿಸುತ್ತಿದ್ದ ಸರ್ ಕೊಕ್ಕರ್ಣೆ ಕಡೆಯವರು. ಪಾಠಕ್ಕೆ ಪುಸ್ತಕದ ಕನ್ನಡ, ಸಿಟ್ಟಿಗೆ ಕುಂದಾಪ್ರ ಕನ್ನಡ. ಮೊದಲ ದಿನವೇ ನಮ್ಮ ಕೈಗೆ ನಿಯಮಗಳ ಹಾಳೆಯೊಂದನ್ನು ಕೊಟ್ಟರು. ಅದನ್ನು ಓದಿದರೆ ಕೋರ್ಟಿನ ನೋಟಿಸು ಬಂದ ಹಾಗಿತ್ತು.

ಕಾಲೇಜಿನ ಹಿಂದೆ ಬೇಲಿಯೊಳಗೆ, ಕಾಲುಗಳ ಮೇಲೆ ನಿಂತ ಬಿಳಿ ಬಣ್ಣದ ಮರದ ಪೆಟ್ಟಿಗೆ ಇತ್ತು. ಅವರವರ ಸರದಿಯ ದಿನ ಬೆಳಿಗ್ಗೆ ಅದರ ಬಾಗಿಲು ತೆಗೆದು ಉಷ್ಣಾಂಶ ಬರೆಯಬೇಕು. ಪೆನ್ನಿನಲ್ಲೇ ಬರೆಯಬೇಕು, ತಿದ್ದಿದರೆ ಸೊನ್ನೆ. ಬೇಲಿಯೊಳಗೆ ಫೋನ್ ತರುವ ಹಾಗಿಲ್ಲ, ಯಾಕೆಂದರೆ ಹಿಂದಿನ ಬ್ಯಾಚಿನಲ್ಲಿ ಒಬ್ಬ ಫೋಟೊ ತೆಗೆದು ವಾಟ್ಸಾಪಿಗೆ ಹಾಕಿ, ಇಡೀ ಕ್ಲಾಸು ಮನೆಯಲ್ಲಿ ಮಲಗಿಕೊಂಡೇ ಹವಾಮಾನ ವೀಕ್ಷಣೆ ಮಾಡಿತ್ತು. ರಜೆಯ ದಿನ ಸರದಿ ಬಂದರೂ ವಿನಾಯಿತಿ ಇಲ್ಲ. ಯಾರೋ ಅದನ್ನು ಕೇಳಿದ್ದಕ್ಕೆ ಸರ್, "ಮಳಿಗೆ ರಜೆ ಇತ್ತಾ? ಗಾಳಿಗೆ ರಜೆ ಇತ್ತಾ? ಹಂಗಾರೆ ನಿಮ್ಗೂ ಇಲ್ಲೆ" ಎಂದಿದ್ದರು.

ಕೊನೆಯಲ್ಲಿ ಎರಡು ನಿಯಮಗಳಿದ್ದವು. ಒಂದು, ಕಣ್ಣಿಗೆ ಕಂಡದ್ದನ್ನೇ ಬರೆಯಬೇಕು. ಇನ್ನೊಂದು, ಒದ್ದೆ ಥರ್ಮಾಮೀಟರು ಒಣ ಥರ್ಮಾಮೀಟರಿಗಿಂತ ಹೆಚ್ಚು ತೋರಿಸಿತೆಂದು ಬರೆದವರಿಗೆ ಸೊನ್ನೆ. ಪೆಟ್ಟಿಗೆಯಲ್ಲಿದ್ದ ಎರಡರಲ್ಲಿ ಒಂದರ ಬುಡಕ್ಕೆ ಬಟ್ಟೆ ಸುತ್ತಿ, ಆ ಬಟ್ಟೆಯ ತುದಿಯನ್ನು ನೀರಿನ ಪುಟ್ಟ ಬಾಟಲಿಗೆ ಇಳಿಬಿಟ್ಟಿರುತ್ತಾರೆ. ನೀರು ಆರುತ್ತ ಅದನ್ನು ತಣ್ಣಗೆ ಮಾಡುತ್ತದೆ. "ಸಮುದ್ರ ಸ್ನಾನ ಮಾಡಿ ಗಾಳಿಗೆ ನಿಂತ್ರೆ ಚಳಿ ಆತ್ತಾ ಇಲ್ಯಾ? ಅಷ್ಟೇ" ಎಂದು ಸರ್ ಒಂದೇ ಮಾತಿನಲ್ಲಿ ಪಾಠ ಮುಗಿಸಿದ್ದರು. ಜಡಿಮಳೆಯಲ್ಲಿ ಎರಡೂ ಸಮವಾಗಬಹುದು. ಒದ್ದೆಯದು ಮೇಲೇರುವುದೆಂದರೆ ಒದ್ದೆ ಬಟ್ಟೆ ಉಟ್ಟವರಿಗೆ ಸೆಕೆಯಾದ ಹಾಗೆ. ಹಾಗೆ ಬರೆದವರು ಪೆಟ್ಟಿಗೆ ತೆಗೆದೇ ಇಲ್ಲ ಎಂದರ್ಥ.

ನನ್ನ ಲೆಕ್ಕದಲ್ಲಿ ಆಗಲೇ ಎರಡು ಸೊನ್ನೆ ಬಿದ್ದಿದ್ದವು. ಒಂದು ಜ್ವರದ್ದು, ಒಂದು ಬಸ್ಸು ತಪ್ಪಿದ್ದು. ಮೂರನೆಯದು ಬಿದ್ದರೆ ಪ್ರಾಕ್ಟಿಕಲ್ ಫೇಲು. ಬಿ.ಎಡ್. ಸೇರುವ ಆಸೆಗೆ ಎಳ್ಳುನೀರು ಬಿಟ್ಟು, ಮುಂದಿನ ವರ್ಷ ಜೂನಿಯರುಗಳ ಜೊತೆ ಕೂತು ಅದನ್ನೇ ಮತ್ತೆ ಮಾಡಬೇಕು. ಆ ಜೂನಿಯರುಗಳಲ್ಲಿ ನನ್ನ ತಂಗಿ ಸುಮನಾಳೂ ಒಬ್ಬಳು! ಬಿ.ಎಡ್. ಹೋದರೂ ಹೋಗಲಿ, ಅವಳ ಬಾಯಿಗೆ ಬೀಳುವುದು ಮಾತ್ರ ಬೇಡವಾಗಿತ್ತು.

ನನ್ನ ಮುಂದಿನ ಸರದಿ ಬಿದ್ದದ್ದು ಆಸಾಡಿ ಅಮಾವಾಸ್ಯೆಯ, ಅಂದರೆ ಆಷಾಢದ ಅಮಾವಾಸ್ಯೆಯ ದಿನ, ಕಾಲೇಜಿಗೆ ರಜೆ. ನಮ್ಮಲ್ಲಿ ಅಂದು ಬೆಳಗಾಗುವ ಮೊದಲೇ ಹಾಲೆ ಮರದ ತೊಗಟೆಯ ಕಷಾಯ ಕುಡಿಯಬೇಕು. ಅದರ ಕಹಿ ಗೊತ್ತಿರುವವರಿಗೆ ನಾನು ವಿವರಿಸಬೇಕಾಗಿಲ್ಲ, ಗೊತ್ತಿಲ್ಲದವರು ಪುಣ್ಯವಂತರು. ಕಷಾಯ ಕುಡಿದು, ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ನಾನು ಹೊರಟಾಗ ಅಮ್ಮ ಬಾಗಿಲಿಗೆ ಬಂದಳು.

"ಅಮಾಸಿ ದಿನ ಎಂತ ಕಾಲೇಜ್ ಮಾರಾಯ್ತಿ? ಒಬ್ಳೇ ಹೋಪ್ದ್ ಬ್ಯಾಡ. ಸುಮ್ನೆ ಕೂಕೊ."

"ಹೋಯ್ದಿರೆ ಸೊನ್ನೆ ಬತ್ತ್ ಅಮ್ಮಾ" ಎಂದು ಬೈಂದೂರು ಕಡೆಯಿಂದ ಬಂದ ಬಸ್ಸು ಹತ್ತಿದೆ. ಬಸ್ಸಿನ ತುಂಬ ಮರವಂತೆಯಲ್ಲಿ ಸಮುದ್ರ ಸ್ನಾನ ಮಾಡುವವರು. ಅವರೆಲ್ಲ ಅಲ್ಲಿ ಇಳಿದ ಮೇಲೆ ಬಸ್ಸು ಖಾಲಿಯಾಯಿತು.

ಕಾಲೇಜಿನಲ್ಲಿ ನರಪಿಳ್ಳೆ ಇರಲಿಲ್ಲ. ಮಳೆ ನಿಂತಿತ್ತು, ಮೋಡ ಕವಿದಿತ್ತು, ಗಾಳಿ ಸ್ವಲ್ಪವೇ ಬೀಸುತ್ತಿತ್ತು. ಫೋನನ್ನು ಚೀಲದಲ್ಲಿಟ್ಟು ಚೀಲವನ್ನು ಜಗಲಿಯಲ್ಲಿ ಬಿಟ್ಟು ಬೇಲಿಯೊಳಗೆ ಹೋಗಿ ಪೆಟ್ಟಿಗೆ ತೆಗೆದೆ. ಒಣ ಥರ್ಮಾಮೀಟರು ಇಪ್ಪತ್ತಾರು ತೋರಿಸುತ್ತಿತ್ತು. ಒದ್ದೆಯದು ಮೂವತ್ತೊಂದು.

ಕನ್ನಡಕ ಒರೆಸಿಕೊಂಡೆ. ಬಾಗಿಲು ಮುಚ್ಚಿ ತೆಗೆದೆ. ಮೂವತ್ತೊಂದೇ. ಯಾರಾದರೂ ಕಿತಾಪತಿಗೆ ಬಿಸಿನೀರು ಹಾಕಿರಬೇಕೆಂದು ಬಾಟಲಿಯ ನೀರಿಗೆ ಬೆರಳು ತಾಗಿಸಿದೆ. ತಣ್ಣಗಿತ್ತು, ಬಾವಿಯಿಂದ ಆಗ ತಾನೇ ಸೇದಿದ ಹಾಗೆ. ಆಮೇಲೆ ಬುಡಕ್ಕೆ ಸುತ್ತಿದ ಬಟ್ಟೆಯನ್ನು ಮುಟ್ಟಿದೆ. ಅದು ಪೂರ್ತಿ ಒದ್ದೆಯಾಗಿತ್ತು, ಮತ್ತು ಬೆಚ್ಚಗಿತ್ತು. ಜ್ವರ ಬಂದ ಮಗುವಿನ ಹಣೆ ಹೇಗಿರುತ್ತದೋ ಹಾಗೆ. ನನಗೆ ಹೆದರಿಕೆಯಾಯಿತು ಎಂದು ಹೇಳಲು ಈಗ ನಾಚಿಕೆಯಿಲ್ಲ.

ಆದರೆ ದೊಡ್ಡ ಹೆದರಿಕೆ ಇನ್ನೊಂದಿತ್ತು. ಏನು ಬರೆಯುವುದು? ಸುತ್ತ ಯಾರೂ ಇಲ್ಲ. ಇಪ್ಪತ್ತೈದು ಎಂದು ಗೀಚಿದರೆ ಪೂರ್ತಿ ಅಂಕ. ಕಂಡದ್ದು ಬರೆದರೆ ಸೊನ್ನೆ, ಫೇಲು, ಸುಮನಾಳ ಪಕ್ಕದ ಬೆಂಚು. ಪೆನ್ನು ಹಿಡಿದು ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಆಗ ನೆನಪಾದದ್ದು ಅಜ್ಜಿ. ಅಜ್ಜಿ ಕಂಡದ್ದನ್ನು ಟಾರ್ಚು ಎಂದು ತಳ್ಳಿಹಾಕಿದವಳು ನಾನು. ಈಗ ನಾನೇ ಕಂಡದ್ದನ್ನೂ ಕಂಡಿಲ್ಲ ಎಂದು ಬರೆದರೆ ಆ ಮುದುಕಿ ಎಲ್ಲಿದ್ದರೂ ಬಿದ್ದು ಬಿದ್ದು ನಗುತ್ತಾಳೆ ಅನ್ನಿಸಿತು. ಆದದ್ದಾಗಲಿ ಎಂದು ಪೆಟ್ಟಿಗೆ ಮುಚ್ಚಿ, ಮೂವತ್ತೊಂದು ಎಂದು ಬರೆದುಬಿಟ್ಟೆ.

ಶಾಯಿ ಆರುವಷ್ಟರಲ್ಲಿ ಗೇಟಿನಲ್ಲಿ ಸ್ಕೂಟರಿನ ಸದ್ದು. ಸರ್! ರಜೆಯ ದಿನ ಯಾರು ಚಕ್ಕರ್ ಹೊಡೆಯುತ್ತಾರೆಂದು ನೋಡಲು ಕೊಕ್ಕರ್ಣೆಯಿಂದ ರೇನ್‌ಕೋಟು ಹಾಕಿಕೊಂಡು ಬಂದಿದ್ದರು. ಬೆಳಗಿನ ಕಷಾಯದ ಕಹಿ ಅವರ ಮುಖದಲ್ಲಿ ಇನ್ನೂ ಇತ್ತು. ನಾನು ಬರೆದದ್ದನ್ನು ನೋಡಿದರು.

"ಇದೆಂತ ಮಾರಾಯ್ತಿ? ಅಮ್ಮ ಕುಡೂಕ್ ಕೊಟ್ಟ ಬಿಸಿನೀರ್ ಹೊಯ್ದ್ಯಾ?"

"ಇಲ್ಲ ಸರ್. ನಾ ಎಂತದೂ ಮಾಡ್ಲಿಲ್ಲ. ಕಂಡದ್ದೇ ಬರ್ದದ್ದ್."

ಸರ್ ಪೆಟ್ಟಿಗೆ ತೆಗೆದರು. ಒಣದು ಇಪ್ಪತ್ತಾರು. ಒದ್ದೆಯದು ಇಪ್ಪತ್ತೈದು, ಪುಸ್ತಕದಲ್ಲಿ ಬರೆದಿಟ್ಟ ಹಾಗೆ ಸಾಧುವಾಗಿ ನಿಂತಿತ್ತು. ನನಗೆ ಅಳು ಬಂತು. ಸರ್ ಕಿಸೆಯಿಂದ ಕೆಂಪು ಪೆನ್ನು ತೆಗೆದು ಮುಚ್ಚಳ ಬಿಚ್ಚಿದರು.

"ಬಟ್ಟೆ ಮುಟ್ಟಿ ಕಾಣಿ ಸರ್" ಎಂದೆ. ಯಾಕೆ ಹಾಗೆ ಹೇಳಿದೆನೋ, ಬಾಯಿಯಿಂದ ತಾನಾಗಿ ಬಂತು.

ಅವರು ನನ್ನ ಸಮಾಧಾನಕ್ಕೆಂಬಂತೆ ಕೈ ಒಳಗೆ ಹಾಕಿದರು. ಹಾಕಿದವರು ಥಟ್ಟನೆ ಹಿಂದಕ್ಕೆಳೆದುಕೊಂಡರು. ತಮ್ಮ ಬೆರಳುಗಳನ್ನೇ ನೋಡಿದರು, ಥರ್ಮಾಮೀಟರನ್ನು ನೋಡಿದರು, ನನ್ನನ್ನು ನೋಡಿದರು. ಕೆಂಪು ಪೆನ್ನಿಗೆ ಮುಚ್ಚಳ ಹಾಕಿದರು.

"ಮನಿಗ್ ಹೋಗ್. ಮಳಿ ಬತ್ತಿತ್ತ್" ಎಂದಷ್ಟೇ ಹೇಳಿದರು. ಮಳೆ ಬರುವ ಲಕ್ಷಣವೇ ಇರಲಿಲ್ಲ.

ಸೆಮಿಸ್ಟರು ಮುಗಿದು ಅಂಕ ಬಂದಾಗ ಆ ದಿನದ ರೀಡಿಂಗಿಗೆ ಪೂರ್ತಿ ಅಂಕವಿತ್ತು. ಧೈರ್ಯ ಮಾಡಿ ಸರ್ ಹತ್ತಿರ ಹೋಗಿ, ಅಂದು ನಿಮ್ಮ ಕೈಗೆ ಏನು ತಾಗಿತು ಎಂದು ಕೇಳಿದೆ. ಅವರು ಕಿಟಕಿಯ ಹೊರಗೆ ನೋಡುತ್ತ, "ಕಂಡದ್ದ್ ಬರಿಯೂಕ್ ಹೇಳಿದ್ದ್ ನಾನೇ ಅಲ್ದಾ? ನೀ ಬರ್ದೆ. ಮುಗೀತ್" ಎಂದರು. ಮುಂದೆ ಎಷ್ಟು ಕೇಳಿದರೂ ಅದೇ ಉತ್ತರ. ಆ ಬಟ್ಟೆ ಹೇಗೆ ಕಾದಿತ್ತು ಎಂದು ಎಷ್ಟೋ ಪುಸ್ತಕ ತಿರುವಿಹಾಕಿದೆ, ಗೊತ್ತಿದ್ದವರನ್ನೆಲ್ಲ ಕೇಳಿದೆ. ಬಿಸಿಲಿರಲಿಲ್ಲ, ಬಿಸಿನೀರಿರಲಿಲ್ಲ, ಥರ್ಮಾಮೀಟರು ಕೆಟ್ಟಿರಲಿಲ್ಲ. ಒಬ್ಬರಂತೂ ನನಗೇ ಜ್ವರ ಇದ್ದಿರಬೇಕು ಎಂದರು. ನಾನು ಅಜ್ಜಿಗೆ ಹೇಳಿದ ಟಾರ್ಚಿನ ಹಾಗೆ ಅದು.

ಮುಂದಿನ ವರ್ಷ ಜೂನಿನಲ್ಲಿ ಸುಮನಾ ಕಾಲೇಜಿನಿಂದ ನಗುತ್ತಲೇ ಬಂದಳು. "ಹ್ವಾಯ್ ಅಕ್ಕಾ, ಇಲ್ಲ್ ಕಾಣ್! ಇದ್ ನಿಂದೇ ಕತಿ ಅಲ್ದಾ?" ಎಂದು ಹೊಸ ಬ್ಯಾಚಿನ ನಿಯಮಗಳ ಹಾಳೆಯನ್ನು ನನ್ನ ಮುಖಕ್ಕೇ ಹಿಡಿದಳು. ಕೊನೆಯ ನಿಯಮ ಬದಲಾಗಿತ್ತು. 'ಒದ್ದೆ ಥರ್ಮಾಮೀಟರು ಹೆಚ್ಚು ತೋರಿಸಿದರೆ ಪೆಟ್ಟಿಗೆ ಮುಚ್ಚಬಾರದು. ಕೂಡಲೇ ನನಗೆ ಫೋನ್ ಮಾಡುವುದು. ಫೋನ್ ನಿಷೇಧದಿಂದ ಈ ಒಂದು ಸಂದರ್ಭಕ್ಕೆ ವಿನಾಯಿತಿ ಇದೆ.'

ಈಗ ನಾನು ಬ್ರಹ್ಮಾವರದ ಕಡೆ ಒಂದು ಶಾಲೆಯಲ್ಲಿ ಟೀಚರು. ಅಂಗಳದಲ್ಲಿ ಅಂಥದ್ದೇ ಒಂದು ಬಿಳಿ ಪೆಟ್ಟಿಗೆ ಇಡಿಸಿದ್ದೇನೆ. ಮಕ್ಕಳಿಗೆ ಕೊಟ್ಟ ನಿಯಮಗಳಲ್ಲಿ ಕೊನೆಯದನ್ನು ಸರ್ ಬರೆದ ಹಾಗೆಯೇ ಇಳಿಸಿಕೊಂಡಿದ್ದೇನೆ, ಒಂದಕ್ಷರ ಬದಲಿಸಿಲ್ಲ. ಇಲ್ಲಿಯವರೆಗೆ ಯಾರೂ ಫೋನ್ ಮಾಡಿಲ್ಲ. ಆದರೂ ಆಸಾಡಿ ಅಮಾವಾಸ್ಯೆಯ ಬೆಳಿಗ್ಗೆ, ಮನೆಯವರು ಎಷ್ಟು ನಕ್ಕರೂ ಸರಿ, ಕಷಾಯದ ಲೋಟದ ಪಕ್ಕದಲ್ಲೇ ಫೋನ್ ಇಟ್ಟುಕೊಂಡು ಕೂರುತ್ತೇನೆ.