ಕೊನೆಯ ಕಂತಿನ ಟ್ರಾನ್ಸ್‌ಫಾರ್ಮರ್

ಬೇಸಿಗೆ ಶುರುವಾಗುವ ಹೊತ್ತಿಗೆ ನಮ್ಮ ಭಾವ, ಅಂದರೆ ಅಕ್ಕನ ಗಂಡ, ನನ್ನ ಅಂಗಡಿಯ ಬಾಗಿಲ ಬಳಿ ಸ್ಟೂಲು ಹಾಕಿಕೊಂಡು ಕೂತರು. ರೇಡಿಯೋ, ಆಂಪ್ಲಿಫೈಯರ್‌ಗಳ ಬಿಡಿಭಾಗ ಮಾರುವ ಅಂಗಡಿ ನನ್ನದು. ಹೆಸರಿಗೆ ಮಾತ್ರ ಹಾಗೆ. ಈಗ ಹೊಟ್ಟೆ ಹೊರೆಯುವುದು ಫೋನಿನ ಚಾರ್ಜರುಗಳು. ಗಿರಾಕಿ ಬಂದರೆ ನನಗಿಂತ ಮೊದಲು ಭಾವನೇ ಎದ್ದು "ಏನ್ ಬೇಕಿತ್ತು?" ಅನ್ನುತ್ತಿದ್ದರು. ಚಾರ್ಜರ್ ಅಂದರೆ ಮುಖ ಸಪ್ಪೆ ಮಾಡಿಕೊಂಡು ಮತ್ತೆ ಕೂರುತ್ತಿದ್ದರು. ವ್ಯಾಪಾರ ಮಾಡುವವನಿಗೆ ಇದಕ್ಕಿಂತ ದೊಡ್ಡ ಶನಿಕಾಟ ಇನ್ನೊಂದಿಲ್ಲ.

ಅಕ್ಕನಿಗೆ ಹೇಳಿದೆ. "ಮನೇಲಿದ್ರೆ ನನ್ನ ತಲೆ ತಿಂತಾರೆ, ಅಲ್ಲೇ ಇರ್ಲಿ ಬಿಡು" ಅಂದಳು.

ಭಾವನ ಕಸುಬು ನಕ್ಷೆ ಬರೆಯುವುದು. ಆಂಪ್ಲಿಫೈಯರು, ಸ್ಪೀಕರು ಎಲ್ಲ ಮನೆಯಲ್ಲೇ ಕಟ್ಟಿಕೊಂಡು ಹಾಡು ಕೇಳುವವರಿಗಾಗಿ ಒಂದು ಮಾಸಪತ್ರಿಕೆ ಬರುತ್ತಿತ್ತು. ಯಾವ ತಂತಿ ಎಲ್ಲಿಗೆ, ಯಾವ ಭಾಗ ಯಾವ ತೂತಿಗೆ ಎಂದು ತೋರಿಸುವ ಅದರ ಚಿತ್ರಗಳೆಲ್ಲ ಭಾವನ ಕೈಯವು. ಬೆಸುಗೆ ಹಾಕುವವನು ಭಾಗಗಳನ್ನು ಕೂರಿಸಿದ ಹಲಗೆಯನ್ನು ಮಗುಚಿ ಹಿಡಿಯುತ್ತಾನಲ್ಲ, ಅದಕ್ಕಾಗಿ ಇವರೂ ಹಿಂಬದಿಯಿಂದ ಕಂಡಂತೆ, ಎಡ ಬಲ ಅದಲುಬದಲು ಮಾಡಿ ಬರೆಯುತ್ತಿದ್ದರು. "ಇವರಿಗೆ ಪ್ರಪಂಚಾನೇ ಹಿಂದಗಡೆಯಿಂದ ಕಾಣೋದು, ಅಂಗಿ ಉಲ್ಟಾ ಹಾಕ್ಕೊಂಡು ಹೋದ್ರೂ ಗೊತ್ತಾಗಲ್ಲ" ಎಂದು ಅಕ್ಕ ಆಡಿಕೊಳ್ಳುತ್ತಿದ್ದಳು.

ಪತ್ರಿಕೆ ಒಂದೇ ಏಟಿಗೆ ಸಾಯಲಿಲ್ಲ. ಮೊದಲು ಬಣ್ಣದ ಪುಟಗಳು ಹೋದವು. ಸ್ಪೀಕರ್ ಕಂಪನಿಗಳ ಜಾಹೀರಾತು ಹೋಯಿತು. ನಡುವೆ ಮಡಿಚಿಟ್ಟ ದೊಡ್ಡ ನಕ್ಷೆಯನ್ನು ಜನ ಬಿಡಿಸಿ ಗೋಡೆಗೆ ಅಂಟಿಸಿಕೊಳ್ಳುತ್ತಿದ್ದರು, ಅದೂ ಹೋಯಿತು. ನನ್ನ ಅಂಗಡಿಯಲ್ಲಿ ನೇತುಹಾಕಿದ ಪ್ರತಿಗಳು ಬಿಸಿಲಿಗೆ ಬಣ್ಣಗೆಟ್ಟು ಅಲ್ಲೇ ಉಳಿಯತೊಡಗಿದವು. ಕಟ್ಟುವ ಹುಚ್ಚಿದ್ದವರು ಫೋನಿನಲ್ಲಿ ವಿಡಿಯೋ ನೋಡಿ ಕಟ್ಟುತ್ತಿದ್ದರು. ಉಳಿದವರು ಅಂಗೈಯಗಲದ ರೆಡಿಮೇಡ್ ಸ್ಪೀಕರ್ ಕೊಂಡು ಸುಮ್ಮನಾದರು. ಅವರನ್ನು ಬೈಯುವಂತೆಯೂ ಇಲ್ಲ, ಅದನ್ನು ಮಾರುತ್ತಿದ್ದವನು ನಾನೇ.

ಪತ್ರಿಕೆ ಪೂರ್ತಿ ನಿಂತದ್ದು ಮಾತ್ರ ಕೆಟ್ಟ ಹೊತ್ತಿನಲ್ಲಿ. ಮೂರು ಕಂತುಗಳಲ್ಲಿ ಒಂದು ಆಂಪ್ಲಿಫೈಯರ್ ಕಟ್ಟುವ ಲೇಖನ ನಡೆಯುತ್ತಿತ್ತು. ಎರಡು ಅಚ್ಚಾಗಿ ಮೂರನೆಯದು ಭಾವನ ಮೇಜಿನ ಮೇಲಿರುವಾಗಲೇ ಮಾಲೀಕರು ಕಚೇರಿಗೆ ಬೀಗ ಹಾಕಿದರು. ಅದೇ ವಾರ ಎರಡನೆಯ ಕಂತಿನಲ್ಲಿ ತಾವು ಮಾಡಿದ ತಪ್ಪು ಭಾವನ ಕಣ್ಣಿಗೆ ಬಿತ್ತು. ನಕ್ಷೆ ಮಗುಚುವಾಗ ಎಲ್ಲವನ್ನೂ ಮಗುಚಿ, ದೊಡ್ಡ ಕೆಪಾಸಿಟರಿನ ಪ್ಲಸ್ ಗುರುತೊಂದನ್ನು ಇದ್ದಲ್ಲೇ ಬಿಟ್ಟಿದ್ದರು. ಕರೆಂಟು ಹಿಡಿದಿಡುವ, ಹೆಬ್ಬೆರಳ ಗಾತ್ರದ ಡಬ್ಬಿ ಅದು. ಉಲ್ಟಾ ಕೂರಿಸಿ ಕರೆಂಟು ಕೊಟ್ಟರೆ ಕಾದು, ಉಬ್ಬಿ, ಟಪ್ಪೆಂದು ಸಿಡಿಯುತ್ತದೆ. ಕಟ್ಟಿದವನು ಆಗ ಅದರ ಮೇಲೇ ಬಗ್ಗಿ ನೋಡುತ್ತಿರುತ್ತಾನೆ.

ಬೇರೆ ಸಮಯದಲ್ಲಾದರೆ ಮುಂದಿನ ಸಂಚಿಕೆಯ ಮೂಲೆಯಲ್ಲಿ 'ಹೋದ ತಿಂಗಳ ತಪ್ಪು' ಎಂದು ಎರಡು ಸಾಲು ಹಾಕಿದರೆ ಮುಗಿಯುತ್ತಿತ್ತು. ಆ ಮೂಲೆಯಲ್ಲಿ ಲೇಖಕರ ತಪ್ಪುಗಳು ಬರುತ್ತಿದ್ದವು. ಭಾವನ ನಕ್ಷೆಯದು ಒಮ್ಮೆಯೂ ಬಂದಿರಲಿಲ್ಲ. ಈಗ ಹಾಕಿಸೋಣವೆಂದರೆ ಮೂಲೆಯೂ ಇಲ್ಲ, ಸಂಚಿಕೆಯೂ ಇಲ್ಲ. ನಾನೇ ಸ್ಕೂಟರಿನಲ್ಲಿ ಅವರನ್ನು ಸಂಪಾದಕರ ಮನೆಗೆ ಕರೆದೊಯ್ದೆ.

"ಒಂದೇ ಒಂದು ಹಾಳೆ ಅಚ್ಚು ಹಾಕಿಸಿ ಸಾರ್, ಚಂದಾದಾರರಿಗೆ ಕಳಿಸೋಣ" ಅಂದರು ಭಾವ.

"ವಿಳಾಸ ಎಲ್ಲಾ ಕಚೇರಿ ಒಳಗಿದೆ. ನನ್ನನ್ನೇ ಒಳಗೆ ಬಿಡ್ತಿಲ್ಲ."

"ಯಾರದಾದ್ರೂ ಕಣ್ಣು ಹೋದ್ರೆ?"

"ಯಾರು ಕಟ್ತಾರೆ ಈಗ? ಓದ್ತಾರೆ, ಪಕ್ಕಕ್ಕಿಡ್ತಾರೆ. ಒಬ್ಬನೂ ಕಟ್ಟಲ್ಲ. ಸುಮ್ನೆ ತಲೆ ಕೆಡಿಸ್ಕೋಬೇಡ" ಎಂದು ಸಂಪಾದಕರು ಕಡ್ಡಿ ಮುರಿದ ಹಾಗೆ ಹೇಳಿದರು.

ಪತ್ರಿಕೆ ನಿಂತಾಗಲೂ ಅಷ್ಟು ಕುಗ್ಗದ ಭಾವ ಅವತ್ತು ಸ್ಕೂಟರ್ ಹತ್ತುವುದನ್ನೂ ಮರೆತು ನಡೆದೇ ಹೊರಟರು.

ಉಳಿದದ್ದು ಒಂದೇ ದಾರಿ. ಕರೆಂಟು ಒಳಗೆ ತರುವ ಟ್ರಾನ್ಸ್‌ಫಾರ್ಮರನ್ನು ಯಾವಾಗಲೂ ಕೊನೆಯ ಕಂತಿಗೇ ಇಡುವುದು ಆ ಪತ್ರಿಕೆಯ ಪದ್ಧತಿ. ಅವಸರದವರು ಅರ್ಧ ಕಟ್ಟಿ ಸ್ವಿಚ್ ಹಾಕಿಬಿಡಬಾರದಲ್ಲ. ಅದನ್ನು ಬೇಕಾದ ಅಳತೆಗೆ ತಂತಿ ಸುತ್ತಿಸಿ ಮಾರುತ್ತಿದ್ದವನು ನಾನೊಬ್ಬನೇ ಎಂದು ಓದುಗರಿಗೆಲ್ಲ ಗೊತ್ತಿತ್ತು. ಅಂದಮೇಲೆ ಕಟ್ಟಿದವರು ಯಾರೇ ಇರಲಿ, ನನ್ನ ಹತ್ತಿರ ಬರಲೇಬೇಕು.

"ಟ್ರಾನ್ಸ್‌ಫಾರ್ಮರಿನ ಡಬ್ಬದೊಳಗೆ ಒಂದು ಚೀಟಿ ಹಾಕಿಡೋಣ ಭಾವ, ನೀವ್ಯಾಕೆ ಕೂರ್ತೀರಿ?" ಅಂದೆ.

"ಬರೀ ನಕ್ಷೆ ನೋಡಿ ಕಟ್ಟೋರು ಚೀಟಿ ಓದ್ತಾರೇನೋ?"

ಹೀಗೆ ಬಂತು ಸ್ಟೂಲು. ಯಾರಾದರೂ "ಸುಟ್ಟುಹೋಯ್ತು" ಅಂದರೆ ಸಾಕು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಭಾವ ಬೆವರುತ್ತಿದ್ದರು. ಗಿರಾಕಿ ಹೇಳಿದ್ದು ಮಿಕ್ಸಿಯ ಮಾತಾಗಿರುತ್ತಿತ್ತು.

ಬೇಸಿಗೆ ಮುಗಿಯುತ್ತ ಬಂತು. ಟ್ರಾನ್ಸ್‌ಫಾರ್ಮರ್ ಒಂದೂ ಮಾರಾಟವಾಗಲಿಲ್ಲ. ಯಾರಿಗೂ ಅಪಾಯವಿಲ್ಲ ಎಂದು ನಿಟ್ಟುಸಿರು ಬಿಡಬೇಕಾದ ಮನುಷ್ಯ ದಿನದಿಂದ ದಿನಕ್ಕೆ ಇಳಿದುಹೋದರು. "ಸಂಪಾದಕರು ಹೇಳಿದ್ದೇ ನಿಜ ಕಣೋ" ಅಂದರು ಒಂದು ದಿನ. "ಹಾಗಾದ್ರೆ ಇಷ್ಟು ವರ್ಷ ನಾನು ಯಾರಿಗೆ ಬರೀತಿದ್ದೆ?" ನಾನು ಇಬ್ಬರಿಗೂ ಟೀ ತರಿಸಿದೆ.

ಮುಂದಿನ ವಾರ ಒಂದು ಮಧ್ಯಾಹ್ನ ಭಾವ ಒಳಗೆ ಕಪಾಟಿನ ಹಿಂದೆ ಧೂಳು ಒರೆಸುತ್ತಿದ್ದಾಗ ಸಂಪಾದಕರು ಬಂದರು. ಕೈಯಲ್ಲಿ ಬಟ್ಟೆಯ ಚೀಲ. ಖಾಲಿ ಸ್ಟೂಲು ನೋಡಿ, ದನಿ ತಗ್ಗಿಸಿ, "ಆ ಕೊನೇ ಕಂತಿನ ಟ್ರಾನ್ಸ್‌ಫಾರ್ಮರ್ ಒಂದು ಸಿಗುತ್ತಾ?" ಅಂದರು.

"ಯಾರಿಗೆ ಸಾರ್?"

"ಯಾರೋ ಪರಿಚಯದವರಿಗೆ."

ಭಾವ ಒರೆಸುವ ಬಟ್ಟೆ ಹಿಡಿದೇ ಹೊರಗೆ ಬಂದು ಚೀಲ ಇಸಿದುಕೊಂಡರು. ಹಳೆಯ ಟವೆಲಿನಲ್ಲಿ ಸುತ್ತಿದ ಹಲಗೆ ಒಳಗಿತ್ತು. ಬೆಸುಗೆ ಕಡಲೆಕಾಳಿನ ಹಾಗೆ ದಪ್ಪ ದಪ್ಪ, ಕಲಿಯುವವರ ಕೈ. ದೊಡ್ಡ ಕೆಪಾಸಿಟರ್ ಅಚ್ಚಾದ ನಕ್ಷೆಯಲ್ಲಿದ್ದಂತೆಯೇ ಉಲ್ಟಾ ಕೂತಿತ್ತು.

"ಸಾರ್, ನಾನು ಮನೆ ತನಕ ಬಂದು ಹೇಳಿದ್ನಲ್ಲ!"

"ನೀನು ಹೇಳಿದ್ದೆ. ನಾನು ತಿರುಗಿಸಿಯೂ ಇಟ್ಟೆ" ಅಂದರು ಸಂಪಾದಕರು ನೆಲ ನೋಡುತ್ತ. "ಆಮೇಲೆ ನಿನ್ನ ನಕ್ಷೆ ನೋಡ್ದೆ. ಇಷ್ಟು ವರ್ಷದಲ್ಲಿ ನಿನ್ನ ನಕ್ಷೆ ತಪ್ಪಿದ್ದು ನಾನು ನೋಡೇ ಇಲ್ಲ. ಅವತ್ತು ಗಾಬರೀಲಿ ಏನೋ ಹೇಳಿರ್ತೀಯ ಅಂತ ಮತ್ತೆ ಹಾಗೇ ಕೂರಿಸ್ದೆ."

"ಒಬ್ಬನೂ ಕಟ್ಟಲ್ಲ ಅಂದ್ರಿ?"

"ಊರಿಗೆಲ್ಲಾ ಕಟ್ಟಿ ಕಟ್ಟಿ ಅಂತ ಬರೆದೋನು ನಾನು, ಒಂದೂ ಕಟ್ಟಿರಲಿಲ್ಲಪ್ಪ. ಇದೇ ಮೊದಲು. ಹೇಳ್ಕೊಳ್ಳೋಕೆ ನಾಚಿಕೆ ಆಯ್ತು."

ಭಾವ ನಕ್ಕರೋ ಬೈದರೋ ತಿಳಿಯಲಿಲ್ಲ, ಕಣ್ಣಂತೂ ಒದ್ದೆಯಾಗಿತ್ತು. ಕಾಯಿಸಿದ ಬೆಸುಗೆ ಕಡ್ಡಿಯಿಂದ ಕೆಪಾಸಿಟರ್ ಕಿತ್ತು, ಸರಿಯಾಗಿ ತಿರುಗಿಸಿ, ಸಂಪಾದಕರ ಕೈಯಿಂದಲೇ ಮತ್ತೆ ಬೆಸುಗೆ ಹಾಕಿಸಿದರು. ಟ್ರಾನ್ಸ್‌ಫಾರ್ಮರ್ ಜೋಡಿಸಿದ ಮೇಲೆ ಮೂವರೂ ದೂರ ನಿಂತೆವು, ಸ್ವಿಚ್ ಹಾಕಿದೆ. ಏನೂ ಸಿಡಿಯಲಿಲ್ಲ. ಅಂಗಡಿಯ ಹಳೆಯ ಸ್ಪೀಕರಿನಲ್ಲಿ ಹಾಡು ಬಂತು, ಚೆನ್ನಾಗಿಯೇ ಬಂತು.

ಇನ್ನಾದರೂ ವ್ಯಾಪಾರ ನೆಟ್ಟಗಾಗುತ್ತದೆ ಎಂದುಕೊಂಡು ಮರುದಿನ ಬಾಗಿಲು ತೆಗೆದರೆ, ಭಾವ ಆಗಲೇ ಬಂದು ಕಾಯುತ್ತಿದ್ದರು. ಸ್ಟೂಲು ಎಳೆದುಕೊಂಡು ಕೂತರು.

"ಇನ್ನೇನು ಭಾವ? ಮುಗೀತಲ್ಲ."

"ಒಬ್ಬರು ಕಟ್ಟಿದ್ದಾರೆ ಅಂದ್ರೆ," ಅಂದರು, ಬೀದಿಯ ಕಡೆ ನೋಡುತ್ತ, "ಇನ್ನೊಬ್ಬರು ಇರಬಹುದಲ್ವೇನೋ?"