ಲಾಭ, ಒಂದು, ಎರಡು: ಧನಲಕ್ಷ್ಮಿಯವರ ಹುಣಿಸೆಬೀಜದ ಲೆಕ್ಕ

ಗಾಂಧಿಬಜಾರಿನ ಹೂವಿನವರು ಬುಟ್ಟಿಯ ಮೇಲಿನ ಒದ್ದೆ ಗೋಣಿ ಸರಿಸುವ ಹೊತ್ತಿಗೆ ಧನಲಕ್ಷ್ಮಿ ಮಹಡಿ ಹತ್ತಿ ಆಗಿರುತ್ತದೆ. ಕೆಳಗೆ ಗ್ರಂಥಿಗೆ ಅಂಗಡಿ, ಮೇಲೆ ಎರಡು ಕೋಣೆ. ಗಂಟೆ ಐದೂವರೆ. ಚಪ್ಪಲಿ ಹೊರಗೆ ಬಿಟ್ಟು ಮೋಡೆಮ್ಮಿನ ಗುಂಡಿ ಒತ್ತುತ್ತಾರೆ. ಅದು ಕಿರುಚಿ, ಕೆಮ್ಮಿ, ಕೊನೆಗೆ ಮನಸ್ಸು ಮಾಡುವಷ್ಟರಲ್ಲಿ ಇವರ ಕಾಫಿ ತಯಾರು.

"ಈ ಹೊತ್ತಲ್ಲಿ ಲೈನ್ ಖಾಲಿ ಇರತ್ತೆ. ಏಳು ಗಂಟೆ ಆದ್ಮೇಲೆ ಒಂದು ಪುಟ ಇಳಿಯೋಷ್ಟ್ರಲ್ಲಿ ಒಂದು ಸೇರು ಅವರೆಕಾಯಿ ಸುಲಿದ್ಬಿಡ್ಬೋದು," ಎಂದು ನಗುತ್ತಾರೆ.

ಇಳಿಯುತ್ತಿರುವುದು ವಿಜ್ಞಾನದ ಪ್ರಬಂಧಗಳು. ನಮ್ಮ ಜೀವಕೋಶಗಳ ಪೊರೆಯಲ್ಲಿ ಪುಟ್ಟ ಪುಟ್ಟ ದ್ವಾರಗಳಿವೆ. ಸೋಡಿಯಂ, ಪೊಟ್ಯಾಸಿಯಂಗಳು ಅವುಗಳ ಮೂಲಕ ಓಡಾಡಿದರೇನೇ ಹೃದಯ ಬಡಿಯುವುದು, ಕಣ್ಣುರೆಪ್ಪೆ ಅಲುಗುವುದು. ಇವಕ್ಕೆ ಅಯಾನ್ ಚಾನೆಲ್ ಎಂದು ಹೆಸರು. ಧನಲಕ್ಷ್ಮಿಯವರ ಮಾತಿನಲ್ಲಿ ಹೇಳುವುದಾದರೆ, "ಉಪ್ಪು ಓಡಾಡೋ ಬಾಗ್ಲು." ಒಂದೊಂದು ಬಾಗಿಲೂ ನೂರಾರು ಅಮೈನೋ ಆಮ್ಲಗಳ ಒಂದು ಸರ, ಬರೆಯುವಾಗ ಒಂದೊಂದು ಆಮ್ಲಕ್ಕೂ ಒಂದು ಇಂಗ್ಲಿಷ್ ಅಕ್ಷರ. ಸರದಲ್ಲಿ ಒಂದೇ ಒಂದು ಅಕ್ಷರ ಬದಲಾದರೆ ಬಾಗಿಲು ಕೆಡಬಹುದು, ಕಾಯಿಲೆ ಬರಬಹುದು. ಯಾವ ಬಾಗಿಲಿನ ಎಷ್ಟನೆಯ ಅಕ್ಷರ, ಯಾವುದರಿಂದ ಯಾವುದಕ್ಕೆ ಬದಲಾಗಿದೆ, ಅದರಿಂದ ಯಾರಿಗೆ ಏನಾಗಿದೆ ಎಂಬುದನ್ನೆಲ್ಲ ಪ್ರಬಂಧಗಳಿಂದ ಹೆಕ್ಕಿ, ಜಗತ್ತಿನ ಯಾವ ಮೂಲೆಯ ಸಂಶೋಧಕರಾದರೂ ಹುಡುಕಿಕೊಳ್ಳುವಂತೆ ಅಂತರ್ಜಾಲದ ಮಾಹಿತಿಕೋಶವೊಂದಕ್ಕೆ ಸೇರಿಸುವುದು ಇವರ ಕೆಲಸ. ಕೋಶವನ್ನು ಕಟ್ಟಿದವರು ನಿವೃತ್ತ ಪ್ರಾಧ್ಯಾಪಕ ಏಕಾಂತಯ್ಯ. ತುಂಬಿದವರು ಧನಲಕ್ಷ್ಮಿ.

ದಿನಕ್ಕೆ ಐದಾರು ಪ್ರಬಂಧ, ಹತ್ತು ಹನ್ನೆರಡು ನಮೂದು. ಆರು ವರ್ಷದಲ್ಲಿ ಇಪ್ಪತ್ತು ಸಾವಿರ ದಾಟಿದೆ. ಓದಿರುವುದು ಎಸ್ಸೆಸ್ಸೆಲ್ಸಿ, ಜೊತೆಗೆ ಟೈಪಿಂಗ್ ಸೀನಿಯರ್.

ಚಾಮರಾಜಪೇಟೆಯ ಟೈಪಿಂಗ್ ಶಾಲೆಯೊಂದರಲ್ಲಿ ಹದಿನಾರು ವರ್ಷ ಕಲಿಸಿದವರು ಅವರು. ಕಂಪ್ಯೂಟರ್ ಬಂದಿತು, ಶಾಲೆಗೆ ಬೀಗ ಬಿತ್ತು. ಮತ್ತೆ ಕಲಾಸಿಪಾಳ್ಯದಲ್ಲಿ ಅಪ್ಪ ಮುನಿರಾಮಪ್ಪನವರ ಸೊಪ್ಪಿನ ಅಂಗಡಿಯೇ ಗತಿ ಅಂದುಕೊಂಡಿದ್ದಾಗ, ಬೆರಳಚ್ಚು ಬಲ್ಲವರು ಬೇಕೆಂದು ಏಕಾಂತಯ್ಯ ಹೇಳಿಕಳಿಸಿದರು. "ಮೊದ್ಲ ದಿನ ಕೈಗೆ ಕೊಟ್ಟ ಹಾಳೇಲಿ ಒಂದು ಪದಾನೂ ಇಲ್ಲ. ಬರೀ ಅಕ್ಷರ. ಇಪ್ಪತ್ತಾರರಲ್ಲಿ ಇಪ್ಪತ್ತೇ ಬಳಸ್ತಾರೆ. ಇದೇನು ಮೇಷ್ಟ್ರೇ, ಬೆರಳಿನ ಅಭ್ಯಾಸದ ಪಾಠಾನಾ ಅಂತ ಕೇಳ್ಬಿಟ್ಟೆ!"

ಈಗ ಜೊತೆಗಿರುವವರು ಪರಮಶಿವಯ್ಯ. ಅಚ್ಚುಕೂಟದಲ್ಲಿ ಕರಡು ತಿದ್ದಿ ನಿವೃತ್ತರಾದವರು, ವಯಸ್ಸು ಅರವತ್ತೆಂಟು. ಬೆಳಿಗ್ಗೆ ಒಂಬತ್ತಕ್ಕೆ ಬಂದು ಎದುರು ಕೂತು ಒಂದೊಂದೇ ಅಕ್ಷರ ಗಟ್ಟಿಯಾಗಿ ಓದುತ್ತಾರೆ, ಇವರು ಪರದೆ ನೋಡಿ ತಾಳೆ ಹಾಕುತ್ತಾರೆ. ಕೆಲವು ಹಳೆಯ ಪ್ರಬಂಧಗಳಲ್ಲಿ ಸ್ಥಾನದ ಸಂಖ್ಯೆಯೇ ಇರುವುದಿಲ್ಲ. ಬದಲಾದ ಅಕ್ಷರದ ಕೆಳಗೆ ಬಾಣ ಹಾಕಿ ಬಿಟ್ಟಿರುತ್ತಾರೆ, ಎಣಿಸಿಕೊಳ್ಳುವ ಕರ್ಮ ಓದಿದವರದು. ಅಂಥ ದಿನ ಧನಲಕ್ಷ್ಮಿ ಡಬ್ಬಿಯಿಂದ ಹುಣಿಸೆಬೀಜ ತೆಗೆಯುತ್ತಾರೆ. ಹತ್ತು ಅಕ್ಷರಕ್ಕೊಂದು ಬೀಜ.

ಆ ಬೀಜಗಳೇ ಕಳೆದ ವರ್ಷ ಕೈಕೊಟ್ಟವು. ಬೀಜದ ತಪ್ಪೇನೂ ಅಲ್ಲ ಅನ್ನಿ.

ಕಲಾಸಿಪಾಳ್ಯದಲ್ಲಿ ಎಲ್ಲರೂ ವ್ಯಾಪಾರ ಮುಗಿದ ಮೇಲೆ, ಗಿರಾಕಿ ಗೋಗರೆದರೆ, ಕೊಸರು ಹಾಕುತ್ತಾರೆ. ಮುನಿರಾಮಪ್ಪನವರ ಪದ್ಧತಿ ಬೇರೆ. ಅವರದು ಮೊದಲೇ ಕೊಸರು. "ಲಾಭ" ಎಂದು ಒಂದು ಕಟ್ಟು ಸೊಪ್ಪನ್ನು ಚೀಲಕ್ಕೆ ಹಾಕಿ, ಆಮೇಲೆ "ಒಂದು, ಎರಡು" ಎಂದು ಎಣಿಸುತ್ತಾರೆ. ಕೊಡುವುದನ್ನು ಕೇಳಿಸಿಕೊಂಡು ಕೊಡಬಾರದು ಎಂಬುದು ಅವರ ಧರ್ಮ. ಕಳೆದ ವರ್ಷದ ಶ್ರಾವಣದಲ್ಲಿ ಅವರು ಜ್ವರ ಬಂದು ಹತ್ತು ದಿನ ಮಲಗಿದಾಗ ಮಗಳೇ ನಾಲ್ಕಕ್ಕೆ ಅಂಗಡಿ ತೆರೆದು, ವ್ಯಾಪಾರ ಮುಗಿಸಿ, ಹತ್ತಕ್ಕೆ ಇಲ್ಲಿಗೆ ಓಡಿ ಬರುತ್ತಿದ್ದರು. ಅಂಗಡಿಯ ಎಣಿಕೆ ಬಾಯಿಗೆ ಅಂಟಿಕೊಂಡೇ ಬಂದಿತ್ತು. ಸರದ ಮೊದಲ ಅಕ್ಷರಕ್ಕೆ "ಲಾಭ", ಎರಡನೆಯದಕ್ಕೆ "ಒಂದು". ಆ ಹತ್ತು ದಿನ ಎಣಿಸಿದ ಅರವತ್ಮೂರು ನಮೂದುಗಳೂ ಒಂದೊಂದು ಸ್ಥಾನ ಹಿಂದೆ ಬಿದ್ದವು.

ಪಕ್ಕದಲ್ಲೇ ಇದ್ದ ಪರಮಶಿವಯ್ಯನವರಿಗೆ ಗೊತ್ತಾಗಲಿಲ್ಲವೇ? "ಕೇಳಿಸ್ತು ಸ್ವಾಮೀ. ನಮ್ಮ ತಾತನೂ ಭತ್ತ ಅಳೆಯೋವಾಗ ಮೊದಲನೇ ಸೇರಿಗೆ ಲಾಭ ಅಂತಲೇ ಅನ್ನೋರು. ಆದ್ರೆ ಅದಾದ್ಮೇಲೆ ಎರಡು ಬರ್ತಿತ್ತು. ಇವರ ಮನೇಲಿ ಒಂದು ಬರತ್ತೆ ಅಂತ ನಂಗೇನು ಕನಸಾ?"

ಐದು ತಿಂಗಳು ಯಾರಿಗೂ ಗೊತ್ತಾಗಲಿಲ್ಲ. ಸಂಕ್ರಾಂತಿಯ ಮಾರನೆಯ ದಿನ ಬೆಳಿಗ್ಗೆ ನಗರದ ಹೃದಯ ವೈದ್ಯ ವೇಣು ಅವರ ಇಮೇಲ್ ಬಂದಿತು. ಒಂಬತ್ತು ವರ್ಷದ ಒಬ್ಬ ಹುಡುಗಿ ಓಡಿದಾಗಲೆಲ್ಲ ಎಚ್ಚರ ತಪ್ಪುತ್ತಾಳೆ. ಅವಳ ಚಿಕ್ಕಮ್ಮ ಹಾಗೆಯೇ ಬಿದ್ದವರು ಏಳಲಿಲ್ಲ. ಹುಡುಗಿಯ ಒಂದು ಬಾಗಿಲಿನಲ್ಲಿ ೩೧೨ನೆಯ ಅಕ್ಷರ ಬದಲಾಗಿದೆ. ನಿಮ್ಮ ಕೋಶದಲ್ಲಿ ಅಂಥದ್ದೇನೂ ಇಲ್ಲ, ಹಾಗಾದರೆ ಇದು ಅಪಾಯದ್ದಲ್ಲ ಎಂದು ಮನೆಯವರಿಗೆ ಹೇಳಿಬಿಡಲೇ ಎಂದು ಅವರು ಕೇಳಿದ್ದರು.

"ಓದಿದ ತಕ್ಷಣ ಕೀಲಿಮಣೆ ಎಳ್ಕೊಂಡೆ. ಆ ಅಕ್ಷರ ನನ್ನ ಕೈಯಲ್ಲಿ ಹೋಗಿದೆ ಅಂತ ಬೆರಳಿಗೆ ನೆನಪಿತ್ತು," ಎನ್ನುತ್ತಾರೆ ಧನಲಕ್ಷ್ಮಿ. ಹುಡುಕಿದರು. ೩೧೧ರಲ್ಲಿ ಸಿಕ್ಕಿತು. ಅದೇ ಬದಲಾವಣೆ, ಬೇರೆ ದೇಶದ ಒಂದು ಕುಟುಂಬ, ಓಡಿದಾಗ ಬಿದ್ದ ಇಬ್ಬರು ಮಕ್ಕಳು, ದಿನವೂ ಮಾತ್ರೆ ಕೊಟ್ಟಮೇಲೆ ಮತ್ತೆ ಬೀಳದ ಮಕ್ಕಳು. ಮೂಲ ಪ್ರಬಂಧ ತೆಗೆದು ಮೂರು ಸಲ ಎಣಿಸಿದರು. ಮೂರು ಸಲವೂ ೩೧೨. ಆಗ ಅವರಿಗೆ ಅಪ್ಪನ ದನಿಯಲ್ಲಿ "ಲಾಭ" ಕೇಳಿಸಿತು. ಕುರ್ಚಿಯಲ್ಲೇ ಕೂತು ಅತ್ತುಬಿಟ್ಟರು.

ಅಳು ಮುಗಿಯುವುದಕ್ಕೆ ಮುಂಚೆಯೇ ವೈದ್ಯರ ಮನೆಗೆ ಫೋನ್ ಮಾಡಿದರು. "ಡಾಕ್ಟ್ರೇ, ಹೇಳ್ಬೇಡಿ, ಅಪಾಯ ಇಲ್ಲ ಅಂತ ಹೇಳ್ಬೇಡಿ. ತಪ್ಪು ನಂದು."

ಉಳಿದ ಅರವತ್ತೆರಡನ್ನು ಸದ್ದಿಲ್ಲದೆ ತಿದ್ದಿಬಿಡೋಣ ಎಂದರು ಏಕಾಂತಯ್ಯ. ಮುಂದಿನ ತಿಂಗಳು ಕೋಶವನ್ನು ಮುಂದುವರಿಸಬೇಕೋ ಬೇಡವೋ ಎಂದು ನಿರ್ಧರಿಸಲು ಪರಿಶೀಲಕರು ಬರುವವರಿದ್ದರು, ಮೇಷ್ಟರ ಸಂಕಟ ಮೇಷ್ಟರಿಗೆ. ಧನಲಕ್ಷ್ಮಿ ಜಗ್ಗಲಿಲ್ಲ. "ಯಾರ್ಯಾರು ಆಗ್ಲೇ ಇಳಿಸ್ಕೊಂಡ್ ಹೋಗಿದಾರೋ. ಅವ್ರಿಗೆ ಹೇಳೋರ್ಯಾರು ಮೇಷ್ಟ್ರೇ?" ಕೋಶದಲ್ಲಿ ತಿದ್ದುಪಡಿಗಳ ಪುಟವೊಂದು ಹುಟ್ಟಿದ್ದು ಹಾಗೆ. ಅರವತ್ಮೂರು ಸಾಲು, ತಪ್ಪಿದ್ದು ಹೇಗೆಂಬ ಎರಡು ವಾಕ್ಯ, ಕೆಳಗೆ ಧನಲಕ್ಷ್ಮಿಯವರ ಪೂರ್ತಿ ಹೆಸರು. ಪರಿಶೀಲಕರು ಬಂದವರು ಬಹಳ ಹೊತ್ತು ಓದಿದ್ದು ಆ ಪುಟವನ್ನೇ. ಕೋಶ ಉಳಿಯಿತು.

ಹುಡುಗಿಗೆ ಮಾತ್ರೆ ಶುರುವಾಗಿ ವರ್ಷ ತುಂಬುತ್ತಾ ಬಂದಿದೆ. ಮತ್ತೆ ಬಿದ್ದಿಲ್ಲ ಎಂದು ವೈದ್ಯರು ಬರೆದಿದ್ದಾರೆ. ಅವಳ ಹೆಸರು ಧನಲಕ್ಷ್ಮಿಯವರಿಗೆ ಗೊತ್ತಿಲ್ಲ, ಗೊತ್ತಾಗಲೂ ಬಾರದು, ಅದು ನಿಯಮ.

ಮುನಿರಾಮಪ್ಪನವರು ಈಗಲೂ ಕೊಸರಿನಿಂದಲೇ ಎಣಿಕೆ ಶುರುಮಾಡುತ್ತಾರೆ. ಮಗಳು ಇಲ್ಲಿ ಎಣಿಸಲು ಕೂರುವ ಮೊದಲು ಬಾಯಿಬಿಟ್ಟು "ಲಾಭ" ಎಂದು ಒಂದು ಬೀಜವನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟುಬಿಡುತ್ತಾರೆ. ಹೇಳುವುದನ್ನು ಹೇಳಿಯಾಯಿತು, ಇನ್ನು ಎಣಿಕೆ ಒಂದರಿಂದ.

ಈ ಯುಗಾದಿಗೆ ಏಕಾಂತಯ್ಯ ಒಂದು ಮಾತು ತೆಗೆದರು. ವಿಜ್ಞಾನಿಗಳ ಹೆಸರಿರುವ ಮೊದಲ ಪುಟದಲ್ಲಿ ಇವರ ಹೆಸರೂ ಬರಲಿ, ತಪ್ಪಿನ ಪುಟದಿಂದ ತೆಗೆದುಬಿಡೋಣ ಎಂದು. ಅದನ್ನು ನೆನೆಯುತ್ತಾ ಧನಲಕ್ಷ್ಮಿ ಕಾಫಿ ಲೋಟ ಕೆಳಗಿಟ್ಟು ತಲೆ ಅಲ್ಲಾಡಿಸುತ್ತಾರೆ.

"ಮೊದ್ಲನೇ ಪುಟದಲ್ಲಿ ಹಾಕಿದ್ರೆ ಬೇಡ ಅನ್ನಲ್ಲ, ಅಪ್ಪಂಗೆ ತೋರಿಸ್ಬೋದು. ಆದ್ರೆ ಅಲ್ಲಿಂದ ಮಾತ್ರ ತೆಗೀಬೇಡಿ ಅಂದೆ. ಏನೋ ತಪ್ಪಿದೆ ಅಂತ ಯಾರಿಗಾದ್ರೂ ಅನ್ನಿಸಿದ್ರೆ, ಯಾರನ್ನ ಕೇಳ್ಬೇಕು ಅಂತ ಅವ್ರಿಗೆ ಗೊತ್ತಾಗ್ಬೇಕಲ್ವಾ?"